ಹುಳದ ಪಾಲು

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಇಂಥವನಿಗೆ ಇಪ್ಪತ್ತಮೂರನೇ ವಯಸ್ಸಿನಲ್ಲಿ ಸರ್ಕಾರ ಒಂದು ಸೈಕಲ್ ಕೊಟ್ಟು, ಶಿಕಾರಿಪುರ ತಾಲ್ಲೂಕಿನ ಹತ್ತು ಹಳ್ಳಿ ಒಪ್ಪಿಸಿ, ಗ್ರಾಮಸೇವಕ ಎಂದು ಹೆಸರಿಟ್ಟಿತು. ಐವತ್ತರ ದಶಕದ ಕೊನೆಯ ವರ್ಷಗಳವು. ರೈತರಿಗೆ ಹೊಸ ಬೇಸಾಯ ಕಲಿಸುವುದು ನನ್ನ ಕೆಲಸ. ನಾನೋ ಪೇಟೆಯಲ್ಲಿ ಹುಟ್ಟಿದ ಮೇಷ್ಟರ ಮಗ. ಹತ್ತಿ ಗಿಡವನ್ನು ಮುಟ್ಟಿ ನೋಡಿದ್ದೇ ತರಬೇತಿಗೆ ಹೋದ ಮೇಲೆ. ಗೊತ್ತಿಲ್ಲದ್ದನ್ನು ಮುಚ್ಚಿಡಲು ಗಟ್ಟಿಯಾಗಿ, ಬೇಗ ಬೇಗ ಮಾತಾಡುವುದನ್ನೂ ಅಲ್ಲೇ ಕಲಿತಿದ್ದೆ.

ಬಳ್ಳಿಗಾವಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಬೆಳಗಿನ ಉಪ್ಪಿಟ್ಟು ಗಂಟಲಿಳಿಯುವ ಮೊದಲೇ ಸೈಕಲ್ ಏರಿರುತ್ತಿದ್ದೆ. ಹಿಂದಿನ ಕ್ಯಾರಿಯರಿಗೆ ಹುಳ ಸಾಯಿಸುವ ಪುಡಿಯ ಡಬ್ಬ, ಹ್ಯಾಂಡಲಿಗೆ ಆ ಪುಡಿ ಹೊಡೆಯುವ ಕೈಯಂತ್ರ. ಪ್ರತಿ ತಿಂಗಳೂ ಶಿಕಾರಿಪುರದಲ್ಲಿ ಮೀಟಿಂಗ್. ಯಾವ ಊರಲ್ಲಿ ಯಾರು ಯಾವ ಹೊಸ ಪದ್ಧತಿ ಹಿಡಿದರು ಎಂದು ಒಬ್ಬೊಬ್ಬರೂ ಎದ್ದು ನಿಂತು ಹೇಳಬೇಕು. ಉಳಿದವರು ಗೊಬ್ಬರದ ಗುಂಡಿ ತೋಡಿಸಿದೆ, ಸಾಲು ನಾಟಿ ಮಾಡಿಸಿದೆ ಎನ್ನುತ್ತಿದ್ದರು. ನಾನು ಎದ್ದು, ಕೆಮ್ಮಿ, "ಪ್ರಯತ್ನದಲ್ಲಿದೆ ಸಾರ್" ಎಂದು ಕೂರುತ್ತಿದ್ದೆ. ಮೂರು ಮೀಟಿಂಗ್ ಹೀಗೇ ಕಳೆದ ಮೇಲೆ ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ನಿನ್ನ ಪ್ರಯತ್ನಕ್ಕೆ ದಿನ ತುಂಬೋದು ಯಾವಾಗಪ್ಪಾ?" ಎಂದರು. ಎಲ್ಲರೂ ನಕ್ಕರು. ಆ ನಗು ವಾರಗಟ್ಟಲೆ ನನ್ನ ಬೆನ್ನು ಬಿಡಲಿಲ್ಲ.

ಕಡೇಮನಿ ಅಮ್ಮನ ಹೊಲ ನನ್ನ ಕಣ್ಣಿಗೆ ಬಿದ್ದದ್ದು ಅದೇ ವಾರ, ಮಹಾನವಮಿ ಮುಗಿದ ಮೇಲೆ.

ತಾಳಗುಂದದ ಆಚೆ ಒಂದು ಸಣ್ಣ ಊರು. ಊರಿನ ಕಡೆಯ ಮನೆ ಅವರದು, ಅದಕ್ಕೇ ಎಲ್ಲರೂ ‘ಕಡೇಮನಿ ಅಮ್ಮ’ ಅನ್ನುತ್ತಿದ್ದರು. ಐವತ್ತರ ಆಸುಪಾಸು. ಗಂಡ ತೀರಿಹೋಗಿ ಏಳೆಂಟು ವರ್ಷವಾಗಿತ್ತು. ಇದ್ದೊಬ್ಬ ಮಗಳನ್ನು ಸೊರಬ ತಾಲ್ಲೂಕಿನ ಆನವಟ್ಟಿಗೆ ಕೊಟ್ಟಿದ್ದರು. ಮೂರು ಎಕರೆ ಎರೆ ಹೊಲವನ್ನು ಗೇಣಿಗೆ ಹಿಡಿದು, ಬೇಸಾಯಕ್ಕೆ ಎತ್ತು ಎರವಲು ತಂದು, ಉಳಿದದ್ದೆಲ್ಲ ಸ್ವಂತ ಕೈಯಿಂದಲೇ ಮಾಡುತ್ತಿದ್ದರು. ಹೊಲದ ಒಡೆಯರು ಇದ್ದದ್ದು ಶಿಕಾರಿಪುರ ಪೇಟೆಯಲ್ಲಿ. ಹೆಂಗಸೊಬ್ಬಳ ಕೈಯಲ್ಲಿ ಹೊಲ ಬಿಟ್ಟಿರುವುದು ಅವರಿಗೆ ಮೊದಲಿಂದ ಇಷ್ಟವಿರಲಿಲ್ಲ. ಆ ವರ್ಷ ಬಿತ್ತನೆಗೆ ಮೊದಲು ಬಾಯಿಬಿಟ್ಟೇ ಹೇಳಿದ್ದರಂತೆ: ಈ ಸಲದ ಹತ್ತಿ ನೋಡುತ್ತೇನೆ, ಚೆನ್ನಾಗಿ ಬಂದರೆ ಹೊಲ ನಿನ್ನದೇ, ಇಲ್ಲದಿದ್ದರೆ ಎರಡು ಜೊತೆ ಎತ್ತು ಇರುವವನೊಬ್ಬ ಕೇಳುತ್ತಿದ್ದಾನೆ, ಅವನಿಗೆ.

ಇದನ್ನು ಅಮ್ಮ ನನಗೆ ಹೇಳಿದ್ದು ಮೊದಲ ದಿನವೇ, ಮಜ್ಜಿಗೆಯ ಲೋಟ ಕೈಗೆ ಕೊಡುತ್ತಾ. ದೂರಿನ ದನಿಯಲ್ಲಲ್ಲ, ಮಳೆ ಬಂತು ಹೋಯಿತು ಅನ್ನುವ ದನಿಯಲ್ಲಿ. ನಾನು ಒಂದು ಕಿವಿಯಲ್ಲಿ ಕೇಳಿದೆ. ಇನ್ನೊಂದು ಕಿವಿ, ಎರಡೂ ಕಣ್ಣು, ಇಡೀ ತಲೆ ಆಗಲೇ ಅವರ ಹೊಲದ ಬೆಂಡೆ ಸಾಲಿನ ಮೇಲಿತ್ತು.

ಆ ಹೊಲದಲ್ಲಿ ಹತ್ತಿಯ ಸುತ್ತ ನಾಲ್ಕೂ ಬದುವಿಗೆ ಒಂದೊಂದು ಸಾಲು ಬೆಂಡೆ, ನಡುವೆಯೂ ಅಲ್ಲಲ್ಲಿ ಒಂದೊಂದು. ಅಲ್ಲಲ್ಲಿ ಒಣಕೊಂಬೆ ನೆಟ್ಟಿದ್ದರು. ಅದರ ಮೇಲೆ ಕಾಜಾಣ ಬಂದು ಕೂರುತ್ತಿತ್ತು, ಇಳಿದು ಹುಳ ಹೆಕ್ಕಿ ಮತ್ತೆ ಕೂರುತ್ತಿತ್ತು. ನಾನೊಂದು ಬೆಂಡೆಕಾಯಿ ಮುರಿದು ನೋಡಿದೆ. ಒಳಗೆ ಹುಳ. ಇನ್ನೊಂದು ಮುರಿದೆ. ಹುಳ. ನನಗೆ ರೋಮಾಂಚನವಾಯಿತು. ತರಬೇತಿಯಲ್ಲಿ ಕೊಟ್ಟ ಕರಪತ್ರದಲ್ಲಿ ಇದೇ ಇತ್ತು: ಹತ್ತಿಯ ಕಾಯಿಕೊರಕ ಹುಳ ಬೆಂಡೆಯಲ್ಲೂ ಬದುಕುತ್ತದೆ, ಆದ್ದರಿಂದ ಹತ್ತಿಯ ಬಳಿ ಬೆಂಡೆ ಇರಕೂಡದು. ಪುಸ್ತಕದಲ್ಲಿ ಓದಿದ್ದು ಕಣ್ಣೆದುರು ಸಿಕ್ಕಿದಾಗ ಆಗುವ ಸಂತೋಷ ದೊಡ್ಡದು. ಅದರಷ್ಟು ಅಪಾಯದ್ದು ಬೇರೆ ಇಲ್ಲ ಎಂದು ಆಗ ಗೊತ್ತಿರಲಿಲ್ಲ.

"ಅಮ್ಮಾ, ಇದನ್ನೆಲ್ಲ ಇವತ್ತೇ ಕಿತ್ತು ಹಾಕಿ. ನೀವೇ ಹುಳಕ್ಕೆ ಅನ್ನ ಹಾಕಿ ಸಾಕ್ತಾ ಇದೀರಿ" ಎಂದೆ.

ಅಮ್ಮ ನಕ್ಕರು. "ಹೌದ್ರಿ ಸೇವಕ್ರೆ, ಸಾಕಾದೇಯ. ಅದು ಹುಳದ ಪಾಲು. ಬೆಂಡಿ ಇದ್ರೆ ಹುಳ ಹತ್ತಿ ತಂಟೆಗೆ ಹೋಗಂಗಿಲ್ಲ. ನಾಕು ದಿನಕ್ಕೊಮ್ಮೆ ನಾ ಹುಳುಕು ಕಾಯಿ ಎಲ್ಲಾ ಕೊಯ್ದು ಕೋಳಿಗೆ ಹಾಕ್ತೀನಿ. ನಮ್ಮತ್ತೆ ಕಾಲ್ದಿಂದ ಹಿಂಗೇ ಐತೆ."

ಆ ಊರಿನಲ್ಲಿ ಅದಕ್ಕೊಂದು ಕಟ್ಟಳೆಯೂ ಇತ್ತು. ಮೊದಲ ಒಂದೆರಡು ಕೊಯ್ಲು ಮನೆಗೆ. ಮಹಾನವಮಿಗೆ ಬೆಂಡೆ ಪಲ್ಯ ಮಾಡಿ ಎಡೆ ಇಟ್ಟರೆಂದರೆ, ಆಮೇಲೆ ಆ ಸಾಲಿನ ಒಂದು ಕಾಯನ್ನೂ ಮನೆಯವರು ತಿನ್ನುವಂತಿಲ್ಲ. ಯಾರಾದರೂ ತಿಂದರೆ, "ಹುಳದ ಬಾಯಿಗೆ ಕೈ ಹಾಕಿದ್ಲು" ಎಂದು ಬಾವಿಕಟ್ಟೆಯಲ್ಲಿ ನಗುತ್ತಿದ್ದರು. ಅಮ್ಮ ಇದನ್ನೆಲ್ಲ ವಿವರವಾಗಿ ಹೇಳಿದರು. ಪುಡಿ ಬೇಡ, ಹೋದ ಮಾಘದಲ್ಲಿ ಹೊಲಕ್ಕೆ ಕುರಿ ಮಂದೆ ನಿಲ್ಲಿಸಿದ್ದೇನೆ, ಗೊಬ್ಬರವೂ ಬೇಡ ಎಂದರು. ನಾನು ಮಜ್ಜಿಗೆ ಕುಡಿದು, ಇದೆಲ್ಲ ಮೂಢನಂಬಿಕೆ ಎಂದು ಮನಸ್ಸಿನಲ್ಲೇ ತೀರ್ಪು ಬರೆದು ಎದ್ದೆ.

ಪಕ್ಕದ ಹೊಲದವನೂ ಬೆಂಡೆ ಹಾಕಿದ್ದ. ಅವನಿಗೂ ಹೇಳಿ ನೋಡಿದೆ. ಅವನು ಕುಂಟೆ ಹೊಡೆಯುವುದನ್ನು ನಿಲ್ಲಿಸಲೂ ಇಲ್ಲ. "ನೀ ಒಂದು ವರ್ಷ ಹತ್ತಿ ಬೆಳ್ದು ತೋರ್ಸಪ್ಪ, ಆಮ್ಯಾಲೆ ನಾ ಬೆಂಡಿ ಕೀಳ್ತೀನಿ. ಈಗ ಎತ್ತು ಬೆದರ್ತವೆ, ಆ ಸೈಕಲ್ ಆಕಡಿಗೆ ತಗಂಡ್ಹೋಗು" ಎಂದ. ಕಿವಿ ಬಿಸಿಯಾಯಿತು. ಮತ್ತೆ ಅವನ ಬದುವಿನ ಕಡೆ ತಲೆ ಹಾಕಲಿಲ್ಲ.

ಆದರೆ ಅಮ್ಮನ ಮನೆಗೆ ಹೋದೆ. ಎರಡು ದಿನ ಬಿಟ್ಟು ಹೋದೆ, ಮತ್ತೆ ಎರಡು ದಿನ ಬಿಟ್ಟು ಹೋದೆ. ಹೋದಾಗಲೆಲ್ಲ ಮಜ್ಜಿಗೆ, ಒಮ್ಮೆ ಅವಲಕ್ಕಿ, ಒಮ್ಮೆ ಜೋಳದ ರೊಟ್ಟಿ. ಬ್ಯಾಡ್ರಿ ಸೇವಕ್ರೆ, ಆ ಸಾಲು ಮುಟ್ಟದು ಬ್ಯಾಡ ಎಂದು ನಗುತ್ತಲೇ ಹೇಳುತ್ತಿದ್ದರು. ನಾನು ಕರಪತ್ರ ಓದಿ ಹೇಳುತ್ತಿದ್ದೆ. ಹುಳದ ಜೀವನಚಕ್ರವನ್ನು ಅವರ ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಬರೆದು ತೋರಿಸಿದೆ. ಅವರ ಕೋಳಿಯೊಂದು ಬಂದು ಮೊಟ್ಟೆಯ ಚಿತ್ರವನ್ನು ಕೆದಕಿ ಅಳಿಸಿತು. ನನಗೆ ಸಿಟ್ಟು ಬಂತು, ಅಮ್ಮನಿಗೆ ನಗು. ಮುಂದಿನ ಮೀಟಿಂಗ್ ಹತ್ತಿರವಾಗುತ್ತಿತ್ತು. ಯಾವ ಊರಿಗೆ ಹೊರಟರೂ ಸೈಕಲ್ ತನಗೆ ತಾನೇ ತಾಳಗುಂದದ ದಾರಿ ಹಿಡಿಯುತ್ತಿತ್ತು.

ಐದನೇ ಸಲ ಹೋದಾಗ ಸುಡುಬಿಸಿಲು. ದಾರಿಯಲ್ಲಿ ಟೈರು ಪಂಕ್ಚರ್ ಆಗಿ ಎರಡು ಮೈಲಿ ಸೈಕಲ್ ತಳ್ಳಿಕೊಂಡು ಹೋಗಿದ್ದೆ. ಅಂಗಿ ಬೆನ್ನಿಗಂಟಿತ್ತು. ಅಮ್ಮ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಕಾಲಿಗೆ ನೀರು ಕೊಟ್ಟರು. ನಾನು ಬಾಯಿ ತೆರೆಯುವ ಮೊದಲೇ, "ಆತು ಬಿಡ್ರಿ. ಕೀಳಾನ" ಎಂದರು.

ಕುಣಿಯುವುದೊಂದು ಬಾಕಿ. ನನ್ನ ಮಾತಿಗೆ, ನನ್ನ ವಿಜ್ಞಾನಕ್ಕೆ ಒಬ್ಬ ರೈತ ಹೆಂಗಸು ತಲೆದೂಗಿದ್ದಳು! ಮರುದಿನ ನಾನೇ ನಿಂತು ಕೀಳಿಸಿದೆ. ನನ್ನದೂ ಒಂದು ಕೈ ಇರಲಿ ಎಂದು ಒಂದು ಬದುವಿನ ಸಾಲು ನಾನೇ ಕಿತ್ತೆ, ಅಂಗೈಗೆ ಬೆಂಡೆಯ ಮುಳ್ಳುಮುಳ್ಳು ಸುಂಕು ಹತ್ತಿ ಇಡೀ ದಿನ ಕೆರೆದುಕೊಂಡೆ. ಎಲ್ಲ ಗಿಡ ಬದುವಿನ ಮೇಲೆ ರಾಶಿ ಹಾಕಿ ಬೆಂಕಿ ಇಟ್ಟರೆ ಹಸಿ ಗಿಡ ಹತ್ತಿಕೊಳ್ಳಲೇ ಇಲ್ಲ, ಬರೀ ಹೊಗೆ. ಒಣಗಿದ ಮೇಲೆ ಸುಡಿ ಎಂದು ಹೇಳಿ ಶಿಕಾರಿಪುರಕ್ಕೆ ಹೊರಟೆ. ಮೀಟಿಂಗಿನಲ್ಲಿ ಆ ಸಲ ನಾನು ಕೆಮ್ಮಲಿಲ್ಲ. ಮೂರು ಎಕರೆಯಲ್ಲಿ ಹುಳದ ತವರನ್ನೇ ಕಿತ್ತು ಹಾಕಿಸಿದ್ದೇನೆ ಎಂದು ಹೇಳಿದೆ. ಸಾಹೇಬರು ತಲೆಯಾಡಿಸಿ ಬರೆದುಕೊಂಡರು.

ವಾಪಸು ಬಂದು ಹೊಲಕ್ಕೆ ಹೋದದ್ದು ನಾಲ್ಕನೇ ದಿನ. ಬದುವಿನ ಮೇಲಿನ ರಾಶಿ ಬಾಡಿ ಮುದುಡಿತ್ತು. ಒಂದು ಕಾಯಿ ಮುರಿದೆ. ಖಾಲಿ. ಇನ್ನೊಂದು, ಮತ್ತೊಂದು. ಎಲ್ಲ ಖಾಲಿ. ಹುಳ ಸತ್ತಿದ್ದರೆ ಒಳಗೇ ಇರಬೇಕಿತ್ತಲ್ಲ ಎಂದು ಯೋಚಿಸುತ್ತಾ ಪಕ್ಕದ ಹತ್ತಿ ಗಿಡಕ್ಕೆ ಕೈ ಹಾಕಿದೆ. ಎಳೆ ಮೊಗ್ಗಿನ ಬುಡದಲ್ಲಿ ಸಣ್ಣ ತೂತು, ತೂತಿನ ಬಾಯಲ್ಲಿ ಹಸಿ ಹಿಕ್ಕೆ. ಸಾಲಿನುದ್ದಕ್ಕೂ ಓಡಿದೆ. ಬದುವಿನ ಬಳಿಯ ಗಿಡಗಳಲ್ಲೆಲ್ಲ ಕುಡಿ ಬಾಡಿ ಜೋತುಬಿದ್ದಿದ್ದವು. ಇದ್ದ ಮನೆ ಒಣಗಿದ ಮೇಲೆ ಹುಳ ಇನ್ನೆಲ್ಲಿಗೆ ಹೋಗಬೇಕು? ನಡೆದುಕೊಂಡು ಪಕ್ಕದ ಮನೆಗೆ ಬಂದಿತ್ತು. ಹೊಲದಲ್ಲೇ ಕೂತು ಚೀಲದಿಂದ ಕರಪತ್ರ ತೆಗೆದು ಮತ್ತೆ ಓದಿದೆ. ಬೆಂಡೆ ಇದ್ದರೆ ಕಾಯಿ ಕಟ್ಟುವ ಮೊದಲೇ, ಹುಳ ಬೀಳುವ ಮೊದಲೇ ಕೀಳಬೇಕು ಎಂದು ಅದರಲ್ಲೇ ಇತ್ತು. ಕಾಗದದ ಮಡಿಕೆಯಲ್ಲಿ ಸಿಕ್ಕಿದ್ದ ಸಾಲು. ಅರ್ಧ ಓದಿ ಎದ್ದು ಓಡುವ ನನ್ನ ಚಾಳಿ ಅಲ್ಲಿಯೂ ಕೈಕೊಟ್ಟಿತ್ತು.

ಅಮ್ಮನಿಗೆ ಹೇಳಿದೆನೇ? ಇಲ್ಲ. "ಸ್ವಲ್ಪ ಹುಳ ಬಿದ್ದ ಹಾಗಿದೆ, ಪುಡಿ ಹೊಡೆದರೆ ಸರಿಹೋಗುತ್ತೆ" ಎಂದೆ. ನಾನೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೂರು ಎಕರೆಗೂ ಪುಡಿ ಹೊಡೆದೆ. ಮೊಗ್ಗಿನೊಳಗೆ ಹೊಕ್ಕ ಹುಳಕ್ಕೆ ಅದು ಮುಟ್ಟಲೇ ಇಲ್ಲ. ಮುಟ್ಟಿದ್ದು ಹೊರಗಿದ್ದವಕ್ಕೆ: ಜೇಡ, ಗಿಡದ ಹೇನು ತಿನ್ನುವ ಗುಲಗಂಜಿಯಂಥ ಕೆಂಪು ಹುಳ, ಎಲೆಯ ಮೇಲೆ ಓಡಾಡುತ್ತಿದ್ದ ಇನ್ನೇನೇನೋ. ಹದಿನೈದು ದಿನ ಕಳೆಯುವುದರೊಳಗೆ ಎಲೆಯ ಅಡಿಯಲ್ಲಿ ಹೇನು ಕಟ್ಟಿ, ಗಿಡವೆಲ್ಲ ಜಿಗಿ ಜಿಗಿ. ಒಣಕೊಂಬೆಗಳು ಹಾಗೇ ನಿಂತಿದ್ದವು, ಕಾಜಾಣ ಆ ಕಡೆ ಸುಳಿಯಲಿಲ್ಲ. ಅಮ್ಮ ಕೆಂಪು ಹುಳ ಕಾಣದ್ದನ್ನು ಗಮನಿಸಿ, "ಈ ಸಲ ಹೊಲ ಸುಮ್ನಾಗೈತಲ್ರಿ" ಎಂದರು. ಅಷ್ಟೇ ಅಂದದ್ದು.

ಆಮೇಲಿನ ಎರಡು ತಿಂಗಳು ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬೇರೆ ಊರಿನಲ್ಲಿ ಮಾತಾಡುತ್ತಿದ್ದರೂ ಕಣ್ಣೆದುರು ಆ ಹೊಲ. ಎರಡು ದಿನಕ್ಕೊಮ್ಮೆ ಹೋಗಿ ಹುಳ ಹೆಕ್ಕುತ್ತಿದ್ದೆ, ಅಮ್ಮನೂ ಹೆಕ್ಕುತ್ತಿದ್ದರು. ಇಬ್ಬರೂ ಬೇರೆ ಬೇರೆ ಸಾಲಿನಲ್ಲಿ. ಪಕ್ಕದವನ ಹೊಲದಲ್ಲಿ ಬೆಂಡೆ ಹುಳ ಹಿಡಿದು ಹಾಳುಹಾಳಾಗಿ ನಿಂತಿತ್ತು, ಅದರ ಒಳಗೆ ಹತ್ತಿ ಮೈತುಂಬಿ ನಿಂತಿತ್ತು. ಅದನ್ನು ನೋಡಬಾರದೆಂದು ನಾನು ಸುತ್ತು ಹಾಕಿ ಇನ್ನೊಂದು ದಾರಿಯಲ್ಲಿ ಹೋಗುತ್ತಿದ್ದೆ. ನಿಜ ಹೇಳಿಬಿಡಬೇಕು ಎಂದು ಪ್ರತಿ ಸಲವೂ ಹೊರಡುತ್ತಿದ್ದೆ. ಮಜ್ಜಿಗೆ ಲೋಟ ಕೈಗೆ ಬಂದೊಡನೆ ಬಾಯಿ ಕಟ್ಟಿಹೋಗುತ್ತಿತ್ತು.

ಸಂಕ್ರಾಂತಿ ಕಳೆದು ಕಾಯಿ ಒಡೆಯುವ ಹೊತ್ತಿಗೆ ಒಡೆಯರು ಬಂದರು. ಜುಬ್ಬ, ಕೊಡೆ, ಹಣೆಯ ಮೇಲೆ ಬೆವರು. ನಾನು ಅಲ್ಲೇ ಇದ್ದೆ. ಹೊಲದ ನಡುವೆ ನಿಂತು ಒಂದು ಕಾಯಿ ಬಿಡಿಸಿದರು. ಒಳಗಿನ ಹತ್ತಿ ಹಳದಿಗಟ್ಟಿ, ಹುಳದ ಹಿಕ್ಕೆಯಲ್ಲಿ ಅಂಟಿಕೊಂಡಿತ್ತು. ಒಡೆಯರು ಪಕ್ಕದ ಹೊಲದ ಕಡೆ ನೋಡಿದರು. ಅಲ್ಲಿ ಹೆಂಗಸರು ಉಡಿ ತುಂಬ ಬಿಳಿ ಹತ್ತಿ ಬಿಡಿಸುತ್ತಿದ್ದರು.

ಅಮ್ಮ ಸೆರಗು ಹೊದ್ದು ಬದುವಿನ ಮೇಲೆ ನಿಂತಿದ್ದರು. ಕೆಲಸ ಹೋದರೆ ಹೋಗಲಿ ಎಂದುಕೊಂಡು ನಾನು ಮುಂದೆ ಬಂದೆ. "ಇದು ಅಮ್ಮನ ತಪ್ಪಲ್ಲ ಸ್ವಾಮಿ. ಬೆಂಡೆ ಸಾಲು ಕೀಳಿಸಿದ್ದು ನಾನು. ಅವರು ಬೇಡ ಅಂದರೂ ಕೇಳಲಿಲ್ಲ. ಕೀಳುವ ಕಾಲ ನನಗೆ ಗೊತ್ತಿರಲಿಲ್ಲ. ಪುಡಿ ಹೊಡೆದು ಇನ್ನಷ್ಟು ಹಾಳು ಮಾಡಿದವನೂ ನಾನೇ" ಎಂದು ಒಂದೇ ಉಸಿರಿಗೆ ಹೇಳಿದೆ. ಹೇಳಿ ಮುಗಿಸಿದಾಗ ಮೈ ಹಗುರಾದ ಹಾಗಾಯಿತು. ಇನ್ನು ಹೊಲ ಉಳಿಯಿತು ಎಂದು ನಾನು ನಿಜವಾಗಿ ನಂಬಿದೆ.

ಒಡೆಯರು ಕೋಪ ಮಾಡಿಕೊಳ್ಳಲಿಲ್ಲ. ನನ್ನ ಕಡೆ ಕರುಣೆಯಿಂದಲೇ ನೋಡಿದರು. "ನೀವು ಸರ್ಕಾರದೋರು. ಹೇಳೋದು ನಿಮ್ಮ ಕೆಲ್ಸ, ಹೇಳಿದ್ರಿ. ಪಕ್ಕದೋನಿಗೂ ಹೇಳಿದ್ರಂತಲ್ಲ, ಅವ್ನು ಕಿತ್ನೇನ್ರಿ?"

ನಾನೂ ಪಕ್ಕದ ಹೊಲದ ಕಡೆ ನೋಡಿದೆ. ಅವನ ಬೆಂಡೆ ಸಾಲು ಹಾಗೇ ನಿಂತಿತ್ತು.

"ದಾರೀಲಿ ಹೋಗೋರು ಹೇಳಿದ್ದಕ್ಕೆಲ್ಲ ಬೆಳೆ ಕೀಳೋ ಕೈಯಾಗೆ ನಾ ಹೊಲ ಹೆಂಗೆ ಬಿಡ್ಲಿ, ನೀವೇ ಹೇಳ್ರಿ" ಎಂದು ಕೊಡೆ ಬಿಚ್ಚಿಕೊಂಡು ಹೊರಟರು. ಅಮ್ಮ ಅವರ ಹಿಂದೆ ನಾಲ್ಕು ಹೆಜ್ಜೆ ಹೋಗಿ ನಿಂತರು. ನಾನು ಸೈಕಲ್ ಹತ್ತಿ ಎಲ್ಲೂ ನಿಲ್ಲದೆ ಬಳ್ಳಿಗಾವಿಗೆ ಬಂದುಬಿಟ್ಟೆ. ಅವರ ಮುಖ ನೋಡುವ ಧೈರ್ಯ ಇರಲಿಲ್ಲ. ಯುಗಾದಿ ಆದ ಮೇಲೆ ಹೋಗಿ ನೋಡಿದಾಗ ಆ ಹೊಲದಲ್ಲಿ ಎರಡು ಜೊತೆ ಎತ್ತು ಉಳುತ್ತಿದ್ದವು, ಕಡೇಮನೆಗೆ ಬೀಗ ಬಿದ್ದಿತ್ತು.

ಮರುವರ್ಷ ನನ್ನನ್ನು ಸೊರಬ ತಾಲ್ಲೂಕಿಗೆ ವರ್ಗ ಮಾಡಿದರು, ಆನವಟ್ಟಿಯ ಸುತ್ತಲಿನ ಊರುಗಳಿಗೆ. ಅಮ್ಮ ಅಲ್ಲೇ ಮಗಳ ಮನೆಯಲ್ಲಿದ್ದಾರೆ ಎಂದು ನನಗೆ ಗೊತ್ತಿತ್ತು. ಸಂತೆಯ ದಿನ ಬೇಕೆಂದೇ ಬೇರೆ ಊರಿಗೆ ಹೋಗುತ್ತಿದ್ದೆ. ಮೂರು ತಿಂಗಳು ಹೀಗೆ ತಪ್ಪಿಸಿಕೊಂಡೆ. ಒಂದು ದಿನ ಬಸ್ಸು ನಿಲ್ಲುವ ಕಡೆ ಎದುರಾ ಎದುರೇ ಸಿಕ್ಕಿಬಿಟ್ಟರು. ಸೊರಗಿದ್ದರು. ಕೈಯಲ್ಲಿ ಸೊಪ್ಪಿನ ಕಟ್ಟು.

"ಏನ್ರಿ ಸೇವಕ್ರೆ, ಇಲ್ಲಿಗೆ ಬಂದು ಮನಿಗೆ ಬರ್ಲೇ ಇಲ್ಲ? ಬರ್ರಿ, ಇಲ್ಲೇ ಐತೆ, ಉಂಡು ಹೋಗಿರಂತೆ."

ಕೆಲಸವಿದೆ ಎಂದೆ. ಉಂಡೇ ಹೋಗ್ರಿ ಎಂದರು. ಇನ್ನೊಂದು ದಿನ ಬರುತ್ತೇನೆ ಎಂದೆ. ಅವರು ಸೈಕಲ್ ಹ್ಯಾಂಡಲ್ ಹಿಡಿದೇ ಬಿಟ್ಟರು. ಹೋದೆ.

ಅಳಿಯ ಮನೆಯಲ್ಲಿರಲಿಲ್ಲ. ಮಗಳು ನನ್ನನ್ನು ನೋಡಿದವಳೇ ಒಳಗೆ ಹೋದಳು. ಅಮ್ಮನೇ ರೊಟ್ಟಿ ತಟ್ಟಿ ಬಡಿಸಿದರು. ಬಡಿಸುವಾಗ ಹಿಟ್ಟಿನ ಡಬ್ಬಿಯ ಮುಚ್ಚಳವನ್ನು ಸದ್ದಾಗದಂತೆ ಮುಚ್ಚಿದ್ದು ಕಂಡಿತು. ಅಳಿಯನ ಮನೆಯ ಅನ್ನ ಉಣ್ಣುವವರ ಎಚ್ಚರಿಕೆ ಅದು. ಮೂರು ಎಕರೆಗೆ ಯಜಮಾನಿಯಾಗಿದ್ದವರು ಹೀಗಾಗಿದ್ದು ನನ್ನಿಂದ. ಒಂದು ವರ್ಷದಿಂದ ತಲೆ ತಿನ್ನುತ್ತಿದ್ದದ್ದನ್ನು ಕೇಳಿಯೇ ಬಿಟ್ಟೆ.

"ಅಮ್ಮಾ, ಆ ದಿನ ನಾನು ಹೇಳಿದ್ದು ಸರಿ ಅನ್ನಿಸಿತ್ತೇನು ನಿಮಗೆ? ಅದಕ್ಕೇ ಕಿತ್ತಿರಾ?"

"ಎಲ್ಲಿ ಸರಿ, ಬಿಡ್ರಿ" ಎಂದು ಅಮ್ಮ ಕಾವಲಿಯ ಮೇಲಿನ ರೊಟ್ಟಿ ತಿರುವಿದರು. "ಹುಳ ಹತ್ತಿಗೆ ಬೀಳ್ತತಿ ಅಂತ ಗೊತ್ತಿತ್ತು. ಇಷ್ಟು ಅಂತ ಗೊತ್ತಿರ್ಲಿಲ್ಲ."

"ಮತ್ತೆ ಯಾಕೆ?"

ಅಮ್ಮ ಇಂಥ ಪ್ರಶ್ನೆಯೂ ಒಂದಿದೆಯೇ ಅನ್ನುವ ಹಾಗೆ ನೋಡಿದರು. "ನೀವು ಐದು ಸಲ ಬಂದ್ರಿ. ಅವತ್ತು ಆ ಬಿಸ್ಲಾಗೆ ಸೈಕಲ್ ತಳ್ಕಂಡು ಬಂದ್ರಿ, ಮುಖ ಕೆಂಪಗಾಗಿತ್ತು. ಮನಿಗೆ ಬಂದೋರಿಗೆ ಎಷ್ಟು ಸಲ ಇಲ್ಲ ಅನ್ನಾದ್ರಿ? ಪಾಪ, ಹುಡುಗ ಇಷ್ಟು ಕೇಳ್ತಾನೆ, ಹೋಗ್ಲಿ ಅಂದೆ."

ನನ್ನ ಮಾತಿಗಲ್ಲ, ಕರಪತ್ರಕ್ಕಲ್ಲ, ಅಂಗಳದಲ್ಲಿ ಬರೆದ ಚಿತ್ರಕ್ಕಂತೂ ಅಲ್ಲ. ನನ್ನ ಬೆವರಿಗೆ ಮರುಗಿ, ದಾಕ್ಷಿಣ್ಯಕ್ಕೆ ಸಿಕ್ಕಿ, ಗೊತ್ತಿದ್ದೂ ಗೊತ್ತಿದ್ದೂ ಅಮ್ಮ ಬೆಂಡೆ ಕಿತ್ತು ಹೊಲ ಕಳೆದುಕೊಂಡಿದ್ದರು. ಮೂರ್ಖನಂತೆ ಅದನ್ನು ಮೀಟಿಂಗಿನಲ್ಲಿ ಗೆಲುವೆಂದು ಹೇಳಿಕೊಂಡಿದ್ದೆ ನಾನು. ನಾಚಿಕೆಯಿಂದ ನೆಲಕ್ಕಿಳಿದು ಹೋಗುವಂತಾಯಿತು.

ಒಳಗಿನಿಂದ ಮಗಳ ದನಿ ಬಂತು. ಅಷ್ಟು ಹೊತ್ತೂ ಬಾಗಿಲ ಹಿಂದೆಯೇ ನಿಂತಿದ್ದಳೆಂದು ಕಾಣುತ್ತದೆ. "ನಮ್ಮವ್ವಂಗೆ ಇಲ್ಲ ಅನ್ನಾಕೆ ಬರಲ್ಲ. ಅಂದಾಗ ನೀವಾದ್ರೂ ಕೇಳ್ಬೇಕಿತ್ತು. ನಾಕು ಸಲ ಬ್ಯಾಡ ಅಂದಿದ್ಲಲ್ರಿ!"

"ಸುಮ್ಕಿರೆ, ಉಣ್ಣೋರ ಮುಂದೆ" ಎಂದು ಅಮ್ಮ ಗದರಿದರು. ನಾನು ತಟ್ಟೆ ನೋಡುತ್ತಾ ಕೂತೆ. ಅಲ್ಲಿಂದ ಎದ್ದು ಓಡಬೇಕೆಂದು ಮೈಯೆಲ್ಲ ಹಾತೊರೆಯುತ್ತಿತ್ತು, ಒಂದು ನಿಮಿಷವೂ ಅಲ್ಲಿರಬಾರದು ಅನ್ನಿಸುತ್ತಿತ್ತು. ಅಷ್ಟರಲ್ಲಿ ಅಮ್ಮ ಕಾವಲಿಯಿಂದ ಬಿಸಿ ರೊಟ್ಟಿ ತೆಗೆದು ನನ್ನ ತಟ್ಟೆಯ ಮೇಲೆ ಹಿಡಿದು ನಿಂತರು.

"ಇನ್ನೊಂದು ಹಾಕ್ಲೇನ್ರಿ?"

ಬೇಡ ಅನ್ನಲು ಬಾಯಿ ತೆರೆದೆ. ಅವರ ಮುಖ ನೋಡಿದೆ. "ಹಾಕಿ ಅಮ್ಮ" ಎಂದೆ.